ರಕ್ತನಾಳ ಜೋಡಣೆ ಕ್ಯಾನ್ಸರ್‌ಗೆ ಮದ್ದಲ್ಲ: ಒಂದು ಸ್ಪಷ್ಟನೆ

‘ಮೇದೋಜೀರಕ ಗ್ರಂಥಿಯ ಆಪರೇಷನ್‌ನಲ್ಲಿ ರಕ್ತನಾಳ ಜೋಡಿಸಿದರೆ ಕ್ಯಾನ್ಸರ್ ಮರಳುವುದೇ ಇಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಲಬುರಗಿಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅದು ನಿಜವಲ್ಲ.

ಗಡ್ಡೆ ಪೋರ್ಟಲ್ ರಕ್ತನಾಳಕ್ಕೆ (ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ನಾಳ) ಅಂಟಿದ್ದರೆ ಆ ತುಂಡನ್ನೂ ತೆಗೆದು ತುದಿಗಳನ್ನು ಹೊಲಿಯುತ್ತಾರೆ. ಆಗ ಕೆಲವರಲ್ಲಿ ಗುಲ್ಮದಿಂದ (ಸ್ಪ್ಲೀನ್) ಬರುವ ನಾಳವನ್ನು ಕಟ್ಟಬೇಕಾಗುತ್ತದೆ. ದಾರಿ ಮುಚ್ಚಿದ ರಕ್ತ ಹಿಂದಕ್ಕೆ ಒತ್ತಿ ಗುಲ್ಮ ಊದಿಕೊಳ್ಳಬಹುದು, ಪ್ಲೇಟ್‌ಲೆಟ್ ಇಳಿಯಬಹುದು. ಜಠರದ ಸುತ್ತಲಿನ ನಾಳಗಳು ಉಬ್ಬಿ, ತಿಂಗಳುಗಳ ನಂತರವೂ ಒಡೆದು ರಕ್ತವಾಂತಿ ಆಗಬಹುದು. ಕಟ್ಟಿದ ಗುಲ್ಮದ ನಾಳವನ್ನು ಮರಳಿ ಜೋಡಿಸುವುದು, ಇಲ್ಲವೇ ಎಡ ಮೂತ್ರಪಿಂಡದ ನಾಳಕ್ಕೆ ಸೇರಿಸುವುದು ಈ ಅಪಾಯ ತಗ್ಗಿಸಲು ಮಾತ್ರ. ಎಲ್ಲರಿಗೂ ಬೇಕಾಗುವುದೂ ಇಲ್ಲ.

ಆ ಸಂದೇಶ ನಂಬಿ ಕೀಮೋ ಬಿಡುವ ಮಾತು ಕೇಳಿ ಸಂಕಟವಾಯಿತು. ದಯವಿಟ್ಟು ಬಿಡಬೇಡಿ. ಆಪರೇಷನ್ ಆದವರಿಗೆ ಮಲ ಡಾಂಬರಿನಂತೆ ಕಪ್ಪಗಾದರೆ (ಒಳಗೆ ರಕ್ತ ಸೋರುತ್ತಿರುವ ಗುರುತಿರಬಹುದು) ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಡಿಸ್‌ಚಾರ್ಜ್ ಸಮ್ಮರಿ ಜೊತೆಗಿರಲಿ.