ಮುಖಕ್ಕೂ ಕುತ್ತಿಗೆಗೂ ಒಂದೇ ಬಣ್ಣ ಇರಲಿ: ನನ್ನ ಮೇಕಪ್ ಡಬ್ಬಿಯಿಂದ ಒಂದಿಷ್ಟು

ಮದುವೆ ಸೀಸನ್ ಬಂತು ಅಂದರೆ ಎಲ್ಲ ಛತ್ರಗಳಲ್ಲೂ ಒಂದೇ ನೋಟ. ಮದುಮಗಳ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು, ಮೆಹಂದಿ ಹಾಕಿದ ಕೈ ಮತ್ತೊಂದು. ಎಣ್ಣೆಗೆಂಪು ಮೈಬಣ್ಣದ ಚಂದದ ಹುಡುಗಿಯನ್ನು ಮೂರು ಗಂಟೆ ಕೂರಿಸಿ, ಸಾವಿರಗಟ್ಟಲೆ ದುಡ್ಡು ತೆಗೆದುಕೊಂಡು, ಮುಖಕ್ಕೆ ಬೂದು ಬಣ್ಣ ಬಳಿದು ಕಳಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನನಗೆ ಮೇಕಪ್ ಅಂದರೆ ಪ್ರಾಣ. ಮನೆಯಲ್ಲಿ ಯಾರದೇ ನಿಶ್ಚಿತಾರ್ಥ, ಸೀಮಂತ ಇದ್ದರೂ ಡಬ್ಬಿ ಹಿಡಿದುಕೊಂಡು ಮೊದಲು ಹೋಗುವವಳು ನಾನೇ. ಯಾವುದು ತಗೊಳ್ಳಲಿ ಅಕ್ಕಾ ಅಂತ ಕೇಳುವವರಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ. ನನ್ನ ಅಭಿಪ್ರಾಯ ಇಷ್ಟು. ನಮ್ಮ ಕಡೆಯ ಮೈಬಣ್ಣಕ್ಕೆ ಮೊದಲು ಬೇಕಾದದ್ದು ಮುಖವಿಡೀ ಒಂದೇ ಬಣ್ಣ ಬರಲಿ ಅಂತ ಹಚ್ಚುವ ಫೌಂಡೇಶನ್ ಅಲ್ಲ. ಕಣ್ಣಿನ ಕೆಳಗಿನ ಕಪ್ಪನ್ನು ಅಡಗಿಸುವ ಒಂದು ಕಿತ್ತಳೆ ಬಣ್ಣದ ಕರೆಕ್ಟರ್, ಒಂದು ಒಳ್ಳೆಯ ಕಾಡಿಗೆ, ಮುಖಕ್ಕೆ ಕಳೆ ಕೊಡುವ ಒಂದು ಲಿಪ್‌ಸ್ಟಿಕ್. ಫೌಂಡೇಶನ್ ಆಮೇಲೆ. ಅದೂ ನಿಮ್ಮ ಕುತ್ತಿಗೆಯ ಬಣ್ಣದ್ದೇ ಆಗಬೇಕು.

ಹಾಗಿದ್ದರೂ ಫೌಂಡೇಶನ್ ವಿಷಯವನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ದುಡ್ಡು ಹಾಳಾಗುವುದು ಅಲ್ಲೇ. ಕೌಂಟರಿನ ಹುಡುಗಿ ಮುಂಗೈ ಮೇಲೆ ಒಂದು ಗೆರೆ ಎಳೆದು, ‘ಮೇಡಂ, ಇದು ಹಾಕಿದ್ರೆ ಒಂದ್ ಶೇಡ್ ಬ್ರೈಟ್ ಕಾಣ್ತೀರ’ ಅನ್ನುತ್ತಾಳೆ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಅಂಗಡಿಯ ಬಿಳಿ ಲೈಟಿನ ಕೆಳಗೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕೆನ್ನೆ ಮುಗಿದು ಕುತ್ತಿಗೆ ಶುರುವಾಗುವ ದವಡೆಯ ಅಂಚಿಗೆ ಅಕ್ಕಪಕ್ಕದ ಮೂರು ಶೇಡ್ ಹಚ್ಚಿಸಿಕೊಳ್ಳಿ. ಕೈಗನ್ನಡಿ ಹಿಡಿದು ಸೀದಾ ಬಾಗಿಲ ಹತ್ತಿರ ಬನ್ನಿ. ಹಗಲು ಬೆಳಕಿನಲ್ಲಿ ಯಾವ ಗೆರೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೋ ಅದು ನಿಮ್ಮ ಶೇಡ್. ಆಗಲೂ ತಕ್ಷಣ ಬಿಲ್ ಮಾಡಿಸಬೇಡಿ. ಹೊರಗೆ ಒಂದು ಕಾಫಿ ಕುಡಿದು ಬನ್ನಿ. ಕೆಲವು ಫೌಂಡೇಶನ್ ಮುಖದ ಎಣ್ಣೆ ಜೊತೆ ಬೆರೆತು ಕಾಲು ಗಂಟೆಯಲ್ಲಿ ಬಣ್ಣ ಬದಲಿಸುತ್ತವೆ.

ತಿಳಿ ಶೇಡ್ ಹಾಕಿದರೆ ಬೆಳ್ಳಗೆ ಕಾಣುತ್ತೇವೆ ಅನ್ನುವುದು ಯಾಕೆ ಸುಳ್ಳು ಅಂದರೆ, ಫೌಂಡೇಶನ್ನಿಗೆ ಬಣ್ಣ ಬರುವುದು ಮುಖ್ಯವಾಗಿ ನಾಲ್ಕು ಪುಡಿಗಳಿಂದ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪಿಗೆ ಮೂರು ಬಗೆಯ ಐರನ್ ಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿ ಜಾಸ್ತಿ. ನಮ್ಮ ಚರ್ಮದ ಕಂದು ಬಣ್ಣದ ಮೇಲೆ ಆ ಬಿಳಿ ಕೂತರೆ ಬೆಳ್ಳಗಾಗುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಆದಾಗ ‘ಮೇಕಪ್ ನನಗೆ ಒಗ್ಗಲ್ಲ’ ಅಂತ ಡಬ್ಬಿ ಮುಚ್ಚಿಟ್ಟವರು ಎಷ್ಟೋ ಜನ. ಒಗ್ಗದೇ ಇದ್ದದ್ದು ಶೇಡ್ ಅಷ್ಟೇ.

ದಿನಬಳಕೆಗೆ ನಾನು ಹೇಳುವುದು ಮೇಬಲೀನ್ ಫಿಟ್ ಮಿ ಮ್ಯಾಟ್ ಪ್ಲಸ್ ಪೋರ್‌ಲೆಸ್. ಅದರ 18 ಮಿಲಿಯ ಚಿಕ್ಕ ಟ್ಯೂಬ್ ಸಿಗುತ್ತದೆ, ಮೊದಲು ಅದನ್ನೇ ತಂದು ನೋಡಿ. ಎಣ್ಣೆಗೆಂಪು ಮೈಬಣ್ಣದವರು 310 ಸನ್ ಬೇಜ್, 330 ಟಾಫಿಯ ಆಸುಪಾಸಿನಲ್ಲಿ ಹುಡುಕಿ. ಒಣ ಚರ್ಮದವರಿಗೆ ಇದು ಬೇಡ, ಮೂಗಿನ ಪಕ್ಕ ಹೊಟ್ಟು ಎದ್ದಂತೆ ಕಾಣುತ್ತದೆ. ದುಡ್ಡು ಜಾಸ್ತಿ ಹಾಕಬಲ್ಲವರಿಗೆ ಮ್ಯಾಕ್ ಇದೆ. ಅವರ ನಂಬರಿನಲ್ಲಿ ಎನ್‌ಸಿ ಅಂದರೆ ಹಳದಿ ಛಾಯೆಯ ಚರ್ಮಕ್ಕೆ, ಎನ್‌ಡಬ್ಲ್ಯೂ ಅಂದರೆ ಗುಲಾಬಿ ಛಾಯೆಯ ಚರ್ಮಕ್ಕೆ. ನಮ್ಮಲ್ಲಿ ಹೆಚ್ಚಿನವರಿಗೆ ಎನ್‌ಸಿ ಸಾಲೇ ಹೊಂದುತ್ತದೆ. ಎನ್‌ಸಿ 42ರಿಂದ ಹುಡುಕಲು ಶುರು ಮಾಡಿ, ಅಲ್ಲಿಂದ ಮೇಲೆ ಕೆಳಗೆ ನೋಡಿ. ಫೌಂಡೇಶನ್ ಡಬ್ಬಿ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) ಅಂತ ಬರೆದಿದೆ ಎಂದು ಸನ್‌ಸ್ಕ್ರೀನ್ ಬಿಡಬೇಡಿ. ಡಬ್ಬಿ ಹೇಳುವಷ್ಟು ರಕ್ಷಣೆ ಸಿಗುವಷ್ಟು ದಪ್ಪ ಫೌಂಡೇಶನ್ ಯಾರೂ ಹಚ್ಚುವುದಿಲ್ಲ.

ಸನ್‌ಸ್ಕ್ರೀನ್ ಮಾತು ಬಂದದ್ದಕ್ಕೆ ಬಂಗು ಇರುವವರಿಗೆ ಒಂದು ವಿಷಯ. ಬಂಗು ಹೆಚ್ಚಿಸುವುದು ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಅದನ್ನು ತಡೆಯಲು ಸಾಮಾನ್ಯ ಸನ್‌ಸ್ಕ್ರೀನಿಗೆ ಅಷ್ಟಾಗಿ ಆಗುವುದಿಲ್ಲ. ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಸಿಗುತ್ತದೆ, ಟಿಂಟೆಡ್ ಅಂತ ಕೇಳಿ. ಮುಖದ ಬಣ್ಣಕ್ಕೆ ಹೊಂದುವುದು ಸಿಕ್ಕಿದರೆ ಬಹಳ ದಿನ ಫೌಂಡೇಶನ್ನೇ ಬೇಕಾಗುವುದಿಲ್ಲ.

ಈಗ ಕರೆಕ್ಟರ್. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಸುತ್ತಲಿನ ಕಪ್ಪು ನಮ್ಮಲ್ಲಿ ಎಷ್ಟು ಸಾಮಾನ್ಯ! ಅಮ್ಮನಿಗಿದ್ದರೆ ಮಗಳಿಗೂ ಇರುತ್ತದೆ. ನಿದ್ದೆ ಮಾಡಿದರೂ ಹೋಗುವುದಿಲ್ಲ. ಅದರ ಮೇಲೆ ನೇರ ಕನ್ಸೀಲರ್, ಅಂದರೆ ಕಲೆ ಮುಚ್ಚುವ ಚರ್ಮದ ಬಣ್ಣದ ಕ್ರೀಮ್, ಹಚ್ಚಿದರೆ ನೀಲಿ ಮಿಶ್ರಿತ ಬೂದು ಬಣ್ಣ ಕಾಣುತ್ತದೆ. ನೀಲಿಯನ್ನು ಅಡಗಿಸುವುದು ಕಿತ್ತಳೆ. ಎಲ್.ಎ. ಗರ್ಲ್ ಪ್ರೊ ಕನ್ಸೀಲ್‌ನಲ್ಲಿ ಆರೆಂಜ್ ಅಂತಲೇ ಒಂದು ಟ್ಯೂಬ್ ಬರುತ್ತದೆ, ಅದೇ ನನ್ನ ಡಬ್ಬಿಯ ರಾಣಿ. ಬಣ್ಣ ಸ್ವಲ್ಪ ತಿಳಿ ಇರುವವರು ಪೀಚ್ ತಗೊಳ್ಳಿ. ಅಕ್ಕಿ ಕಾಳಿನಷ್ಟು ಸಾಕು. ಕಣ್ಣಿನ ಒಳಮೂಲೆಯಲ್ಲಿ, ಕಪ್ಪು ಎಲ್ಲಿ ಜಾಸ್ತಿಯೋ ಅಲ್ಲಿ ಮಾತ್ರ ಇಟ್ಟು ಉಂಗುರದ ಬೆರಳಿನಿಂದ ತಟ್ಟಿ. ತಿಕ್ಕಬೇಡಿ. ಕಿತ್ತಳೆ ಬಣ್ಣ ಮಾಯವಾಗಿ ಚರ್ಮದ ಬಣ್ಣವೇ ಅನ್ನಿಸುವವರೆಗೆ ತಟ್ಟಬೇಕು. ಎಷ್ಟೋ ದಿನ ನಾನು ಇಷ್ಟೇ ಹಚ್ಚಿ, ಮೇಲೆ ಚೂರು ಪೌಡರ್ ಹಾಕಿ ಆಫೀಸಿಗೆ ಹೋಗುತ್ತೇನೆ. ಫೌಂಡೇಶನ್ ಮುಟ್ಟುವುದೇ ಇಲ್ಲ. ‘ಇವತ್ತು ಫ್ರೆಶ್ ಆಗಿ ಕಾಣ್ತಿದೀರಲ್ಲ’ ಅಂತ ಕೇಳುವುದು ಆ ದಿನಗಳಲ್ಲೇ.

ಕಾಡಿಗೆ ಇಲ್ಲದೆ ನಮ್ಮ ಶೃಂಗಾರ ಇಲ್ಲ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಮಸಿ ಹಿಡಿಸಿ, ಅದನ್ನು ಕೆರೆದು ತುಪ್ಪದಲ್ಲಿ ಕಲೆಸಿ ಕರಡಿಗೆಗೆ ತುಂಬುವುದನ್ನು ನೋಡಿ ಬೆಳೆದವರು ನಾವು. ಆ ಕಪ್ಪಿನ ಹೊಳಪು ಯಾವ ಪೆನ್ಸಿಲ್ಲಿಗೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅದರಲ್ಲಿ ಇರುವುದು ಎಣ್ಣೆ, ತುಪ್ಪ. ಕಣ್ಣಿನ ಬಿಸಿಗೆ ಕರಗಿ ಹರಡುತ್ತದೆ. ಬೆಳಿಗ್ಗೆ ಹಚ್ಚಿ ಸಂಜೆವರೆಗೆ ನಿಲ್ಲಬೇಕು ಅಂದರೆ ಮೇಣ ಇರುವ ಪೆನ್ಸಿಲ್ ಕಾಡಿಗೆಯೇ ಆಗಬೇಕು. ಲ್ಯಾಕ್ಮೆ ಐಕಾನಿಕ್, ಮೇಬಲೀನ್ ಕೊಲೊಸಲ್ ಎರಡೂ ಚೆನ್ನಾಗಿವೆ. ನನ್ನ ಓಟು ಐಕಾನಿಕ್‌ಗೆ. ಕಣ್ಣಿನ ಕೆಳಗೆ ಮೊದಲು ಪೌಡರ್ ಒತ್ತಿ, ಆಮೇಲೆ ಕಾಡಿಗೆ ಎಳೆಯಿರಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಅದೂ ಸಾಲದಿದ್ದರೆ ಕೆಳಗಿನ ರೆಪ್ಪೆ ಬಿಟ್ಟು ಮೇಲಿನ ರೆಪ್ಪೆಗೂದಲ ಬುಡಕ್ಕೆ ಮಾತ್ರ ಹಚ್ಚಿ. ಕಣ್ಣು ದೊಡ್ಡದಾಗಿಯೂ ಕಾಣುತ್ತದೆ. ಭರತನಾಟ್ಯದ ಮಕ್ಕಳ ಚೀಲದಲ್ಲಿ ಐಟೆಕ್ಸ್ ಇದ್ದೇ ಇರುತ್ತದೆ. ರಂಗದ ಲೈಟಿಗೆ ಬೇಕಾದ ಗಾಢ ಕಪ್ಪು ಕಡಿಮೆ ದುಡ್ಡಿಗೆ ಕೊಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ.

ಎರಡು ಎಚ್ಚರಿಕೆ ಹೇಳಲೇಬೇಕು. ಸುರ್ಮಾ ಅಂತ ಬಿಡಿಯಾಗಿ ಮಾರುವ ಪುಡಿಯಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಅದನ್ನು ಕಣ್ಣಿನ ಹತ್ತಿರ ತರಬೇಡಿ. ಕೂಸಿನ ಕಣ್ಣೊಳಗೆ ಯಾವ ಕಾಡಿಗೆಯೂ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕು ಅನ್ನುವ ಅಜ್ಜಿಯರಿಗೆ ಪಾದದ ಅಡಿಯಲ್ಲಿ ಜಾಗ ಇದೆ, ಅಲ್ವಾ?

ಲಿಪ್‌ಸ್ಟಿಕ್ಕಿನಲ್ಲಿ ನಮ್ಮವರು ಹೆದರಿಕೊಂಡು ತಿಳಿ ಗುಲಾಬಿಗೆ ಹೋಗುತ್ತಾರೆ. ‘ಕಪ್ಪಗಿದ್ದೀನಿ, ಗಾಢ ಬಣ್ಣ ಬೇಡ’ ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ತಿಳಿ ಗುಲಾಬಿಯಲ್ಲಿ ಬಿಳಿ ಪುಡಿ ಜಾಸ್ತಿ, ನಮ್ಮ ತುಟಿಯ ಮೇಲೆ ಸುಣ್ಣದ ಹಾಗೆ ಕೂರುತ್ತದೆ. ಇಟ್ಟಿಗೆ ಕೆಂಪು, ಮರೂನ್, ದ್ರಾಕ್ಷಿ ಬಣ್ಣ, ಕಾಫಿ ಕಂದು ನಮ್ಮ ಬಣ್ಣಗಳು. ಮ್ಯಾಕ್ ರೂಬಿ ವೂ ಹಚ್ಚಿದ ಕಪ್ಪು ಹುಡುಗಿ, ಜೊತೆಗೆ ಹಸಿರು ಇಳಕಲ್ ಸೀರೆ, ಮೂಗಿಗೆ ನತ್ತು. ಅದಕ್ಕಿಂತ ಚಂದ ಏನಿದೆ ಹೇಳಿ. ರೂಬಿ ವೂ ತುಂಬಾ ಒಣ. ಅದಕ್ಕೆ ಹಚ್ಚುವ ಮುಂಚೆ ತುಟಿಗೆ ತುಪ್ಪ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿಕೊಳ್ಳಿ. ಬಜೆಟ್ ಕಡಿಮೆ ಇದ್ದರೆ ಶುಗರ್ ಬ್ರಾಂಡಿನ ಮ್ಯಾಟ್ ಆ್ಯಸ್ ಹೆಲ್ ಕ್ರೆಯಾನ್ ನೋಡಿ. ಬಾಳೆಎಲೆ ಊಟ ಮುಗಿದರೂ ಹೋಗಬಾರದು ಅನ್ನುವವರಿಗೆ ಮೇಬಲೀನ್ ಸೂಪರ್‌ಸ್ಟೇ ಮ್ಯಾಟ್ ಇಂಕ್. ಅದು ನೀರಿಗೆ, ಸೋಪಿಗೆ ಜಗ್ಗುವುದಿಲ್ಲ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ನಿಮಿಷದಲ್ಲಿ ಬಿಟ್ಟುಕೊಳ್ಳುತ್ತದೆ.

ಊರಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರಿನ ಜನವರಿಯಲ್ಲಿ ಚೆನ್ನಾಗಿ ಕೂತ, ಕೆನ್ನೆಗೆ ರಂಗು ಕೊಡುವ ಕ್ರೀಮ್ ಬ್ಲಶ್ ಮಂಗಳೂರಿನ ಏಪ್ರಿಲ್ ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಜಾರಿ ಹೋಗಿರುತ್ತದೆ. ಕರಾವಳಿಯಲ್ಲಿ ಎಲ್ಲವೂ ತೆಳು ಪದರವೇ ಆಗಬೇಕು. ಬೆವರನ್ನು ಟಿಶ್ಯೂನಿಂದ ಒತ್ತಿ ತೆಗೆದು ಆಮೇಲೆ ಪೌಡರ್. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಲಿಪ್‌ಸ್ಟಿಕ್ಕನ್ನು ಹ್ಯಾಂಡ್‌ಬ್ಯಾಗಿನಲ್ಲಿ ಬಿಟ್ಟು ಕಾರಲ್ಲಿ ಇಟ್ಟರೆ ಕರಗಿಯೇ ಹೋಗುತ್ತದೆ. ಹಾಗೆಯೇ ಬಿಳಿ ಟ್ರಾನ್ಸ್‌ಲೂಸೆಂಟ್ ಪೌಡರ್, ಅಂದರೆ ಹಚ್ಚಿದ ಮೇಲೆ ಬಣ್ಣ ಕಾಣದ ಪೌಡರ್, ಅದರ ಬಗ್ಗೆ ಹುಷಾರು. ಅದರಲ್ಲಿ ಸಿಲಿಕಾ ಜಾಸ್ತಿ ಇದ್ದರೆ ಕಣ್ಣಿಗೆ ಕಾಣುವುದಿಲ್ಲ, ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಾಗ ಮಾತ್ರ ಮುಖದ ಮೇಲೆ ಬೆಳ್ಳನೆ ಪಟ್ಟೆ ಮೂಡುತ್ತದೆ. ಹೊರಡುವ ಮುಂಚೆ ಫ್ಲ್ಯಾಶ್ ಹಾಕಿ ಒಂದು ಸೆಲ್ಫಿ ತಗೊಂಡು ನೋಡಿ.

ಬಿಂದಿ ಮೇಕಪ್ಪೇ ಅಲ್ಲವೇ? ದಿನಾ ಅದೇ ಜಾಗಕ್ಕೆ ಸ್ಟಿಕ್ಕರ್ ಅಂಟಿಸುವವರಲ್ಲಿ ಕೆಲವರಿಗೆ ಹಣೆ ತುರಿಸಿ, ಅಲ್ಲೇ ಬಿಳಿ ಕಲೆ ಬರುತ್ತದೆ. ಅಂಟಿನಲ್ಲಿ ಬಳಸುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಅನ್ನುವ ರಾಸಾಯನಿಕ ಚರ್ಮದ ಬಣ್ಣದ ಕಣಗಳನ್ನೇ ಸಾಯಿಸಬಲ್ಲದು. ತುರಿಕೆ ಶುರುವಾದ ದಿನವೇ ನಿಲ್ಲಿಸಿ. ರಾತ್ರಿ ತೆಗೆದಿಡಿ, ಕನ್ನಡಿಗೆ ಅಂಟಿಸಿದ್ದನ್ನೇ ಮತ್ತೆ ಮತ್ತೆ ಹಾಕಬೇಡಿ. ಅರಿಶಿನ ಸುಣ್ಣದಿಂದ ಮಾಡಿದ ಒಳ್ಳೆಯ ಕುಂಕುಮ ಈಗಲೂ ಸಿಗುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಬೆಳ್ಳಗಾಗುವ ಕ್ರೀಮ್. ಹೆಸರು, ವಿಳಾಸ ಇಲ್ಲದ ಡಬ್ಬಿಗಳನ್ನು ಪಾರ್ಲರ್‌ಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಮಾರುತ್ತಾರೆ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಇಂಥದನ್ನು ಹಚ್ಚಿಕೊಂಡವರ ಕಿಡ್ನಿಗೇ ಪೆಟ್ಟು ಬಿದ್ದದ್ದು ಸುದ್ದಿಯಾಗಿತ್ತು. ಇನ್ನೊಂದು, ಮೆಡಿಕಲ್ ಶಾಪಿನಿಂದ ಸುಮ್ನೆ ಕೇಳಿ ತರುವ ಸ್ಟೀರಾಯ್ಡ್ ಕ್ರೀಮ್. ಮೊದಲ ವಾರ ಮುಖ ಹೊಳೆಯುತ್ತದೆ, ಎಲ್ಲರೂ ಹೊಗಳುತ್ತಾರೆ. ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಕೆಂಪಾಗಿ, ನರ ಕಾಣತೊಡಗಿ, ಮೊಡವೆ ಏಳುತ್ತವೆ. ಕ್ರೀಮ್ ಬಿಟ್ಟರೆ ಉರಿ ತಡೆಯಲಾಗುವುದಿಲ್ಲ. ಈಗಾಗಲೇ ಬಳಸುತ್ತಿದ್ದರೆ ದಿಢೀರ್ ನಿಲ್ಲಿಸಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಕೊಳ್ಳುವಾಗ ಡಬ್ಬಿ ತಿರುಗಿಸಿ ಓದುವ ಅಭ್ಯಾಸ ಇರಲಿ. ಇಲ್ಲಿ ಮಾಡಿದ್ದಾದರೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಸಬಹುದಾದ ಕೊನೆಯ ದಿನಾಂಕ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ನೋಂದಣಿ ನಂಬರ್ ಇರಬೇಕು. ಫುಟ್‌ಪಾತಿನಲ್ಲಿ ಇನ್ನೂರು ರೂಪಾಯಿಗೆ ಸಿಗುವ ಮ್ಯಾಕ್ ಮೇಲೆ ಇದು ಯಾವುದೂ ಸರಿಯಾಗಿ ಇರುವುದಿಲ್ಲ. ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಒಳಗೆ 6 ಎಂ ಅಥವಾ 12 ಎಂ ಅಂತ ಇದ್ದರೆ, ತೆರೆದ ಮೇಲೆ ಅಷ್ಟೇ ತಿಂಗಳು ಅಂತ ಅರ್ಥ. ಮಸ್ಕಾರ ಅಂತೂ ಆರು ತಿಂಗಳ ಮೇಲೆ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ ಶೇಡ್ ಸಿಗದೇ ಇರುವ ವಿಷಯ. 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಲ್ಯಾಕ್ಮೆ ಶುರು ಮಾಡಿದಾಗ, ಹೊರದೇಶದ ಸೌಂದರ್ಯ ಸಾಮಗ್ರಿಗೆ ಹೋಗುವ ದುಡ್ಡು ಇಲ್ಲೇ ಉಳಿಯಲಿ ಅನ್ನುವ ಉದ್ದೇಶ ಇತ್ತು. 2017ರಲ್ಲಿ ಫೆಂಟಿ ಬ್ಯೂಟಿ ಅನ್ನುವ ಮೇಕಪ್ ಕಂಪನಿ ಫೌಂಡೇಶನ್ನಿನ 40 ಶೇಡ್ ಒಟ್ಟಿಗೆ ತಂದಾಗ ಜಗತ್ತಿನ ಉಳಿದ ಕಂಪನಿಗಳೂ ಗಾಢ ಶೇಡುಗಳನ್ನು ಹೆಚ್ಚಿಸಿದವು. ಆದರೆ ಹಾವೇರಿಯಲ್ಲೋ ಚಿತ್ರದುರ್ಗದಲ್ಲೋ ಫ್ಯಾನ್ಸಿ ಸ್ಟೋರಿಗೆ ಹೋಗಿ ಕೇಳಿ. ತೋರಿಸುವುದು ತಿಳಿ ಬಣ್ಣದ ಎರಡೋ ಮೂರೋ ಶೇಡ್. ‘ಗಾಢ ಶೇಡ್ ಯಾರೂ ಕೇಳಲ್ಲ ಮೇಡಂ’ ಅನ್ನುತ್ತಾರೆ. ಇಡದೇ ಇದ್ದದ್ದನ್ನು ಯಾರು ಕೇಳುತ್ತಾರೆ? ಅದಕ್ಕೇ ಹೇಳುವುದು, ನಿಮ್ಮ ಶೇಡಿನ ನಂಬರ್ ಬಾಯಿಪಾಠ ಇರಲಿ. ಆನ್‌ಲೈನ್‌ನಲ್ಲಿ ತರಿಸಿಕೊಂಡು ಸುಮ್ಮನಾಗಬೇಡಿ. ಪರಿಚಯದ ಅಂಗಡಿಗೆ ಹೋಗಿ, ‘ಅಣ್ಣಾ, 330 ತರಿಸಿ ಇಡಿ, ನಾನೂ ತಗೋತೀನಿ, ನನ್ನ ತಂಗಿಯರೂ ತಗೋತಾರೆ’ ಅಂತ ಹೇಳಿ. ಮುಂದಿನ ಸಲ ಆ ಅಂಗಡಿಗೆ ಮದುವೆ ಸಾಮಾನು ತರಲು ಬರುವ ಕಪ್ಪು ಹುಡುಗಿಗೆ ಅವಳ ಬಣ್ಣದ್ದೇ ಡಬ್ಬಿ ಕೈಗೆ ಸಿಗಬೇಕು.