ಪೈರೋ ಹಿಡಿದವರ ಪಾಡು

ಒಂದು ಕೇಬಲ್ಲಿಗೆ ಇಷ್ಟೊಂದು ಬೈಗುಳ ಬೀಳುತ್ತದೆ ಅಂತ ಇಂಗ್ಲೆಂಡಿಗೆ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಪೂರ್ತಿ ಹೆಸರು ಮಿನರಲ್ ಇನ್ಸುಲೇಟೆಡ್ ಕೇಬಲ್. ಆದರೆ ಇಲ್ಲಿಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅದು ಬರೀ ಪೈರೋ. ಪೈರೋಟೆನಾಕ್ಸ್ ಅನ್ನುವ ಕಂಪನಿ 1937ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ತಯಾರಿಸಲು ಶುರು ಮಾಡಿತು, ಆ ಹೆಸರೇ ಅಂಟಿಕೊಂಡಿತು. ಹಿಂದೆ ಮುಂದೆ ಸೇರಿಸುವ ವಿಶೇಷಣಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಳೆ ಕಟ್ಟಡಗಳ ವೈರಿಂಗ್ ಮಾಡುವ ತಂಡದಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಉಳಿದವರು ಏಣಿ ಹತ್ತಿ ಇಳಿದು, ಬೆರಳು ಕೊಯ್ದುಕೊಂಡು, ಬೆವರು ಒರೆಸಿಕೊಂಡು ಮುಗಿಸುತ್ತಾರೆ. ಆಮೇಲೆ ನಾನು ಮೆಗ್ಗರ್, ಅಂದರೆ ಕರೆಂಟು ಎಲ್ಲಾದರೂ ಸೋರುತ್ತದೆಯೇ ಅಂತ ಅಳೆಯುವ ಮೀಟರ್ ಹಿಡಿದು ಆರಾಮಾಗಿ ಬಂದು "ಇದು ಸರಿಯಿಲ್ಲ" ಅನ್ನುತ್ತೇನೆ. ನನಗೆ ಯಾರೂ ಟೀ ಕೊಡಿಸುವುದಿಲ್ಲ.

ಕೇಬಲ್ ನೋಡಲು ತುಂಬಾ ಸಾಧು. ಹೊರಗೊಂದು ತಾಮ್ರದ ಕೊಳವೆ, ಒಳಗೆ ಬರಿಮೈ ತಾಮ್ರದ ತಂತಿಗಳು, ಮಧ್ಯೆ ಗಟ್ಟಿಯಾಗಿ ಒತ್ತಿದ ಬಿಳಿ ಪುಡಿ. ಮೆಗ್ನೀಸಿಯಮ್ ಆಕ್ಸೈಡ್. ನಮ್ಮೂರಲ್ಲಿ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಒಡೆದಾಗ ಉದುರುತ್ತದಲ್ಲ, ಅದೇ ಪುಡಿ. ಉರಿಯುವಂಥದ್ದು ಒಳಗೆ ಏನೂ ಇಲ್ಲ. ತಾಮ್ರ ಕರಗಬೇಕಾದರೆ ಸಾವಿರದ ಎಂಬತ್ತು ಡಿಗ್ರಿ ದಾಟಬೇಕು. ಪುಡಿಗಂತೂ 2,800 ಡಿಗ್ರಿಯ ಆಸುಪಾಸು. ಹಾಗಾಗಿ ಕಟ್ಟಡ ಹೊತ್ತಿ ಉರಿಯುತ್ತಿದ್ದರೂ ಫೈರ್ ಅಲಾರಂ ಮಾತ್ರ ನಿಷ್ಠೆಯಿಂದ ಬಡಿದುಕೊಳ್ಳುತ್ತಿರುತ್ತದೆ. 1896ರಲ್ಲಿ ಇದಕ್ಕೆ ಮೊದಲ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಬೊರೆಲ್. ಅವನು ಗಾಜಿನ ಪುಡಿ, ಕಲ್ಲಿನ ಪುಡಿ, ಆಸ್‌ಬೆಸ್ಟಾಸ್ ತುಂಬಬಹುದು ಅಂತ ಬರೆದಿದ್ದ. ಹಾಗೇ ಮುಂದುವರಿದಿದ್ದರೆ ನಮ್ಮ ತಂಡದವರ ಬೈಗುಳಕ್ಕೆ ಇಂಗ್ಲಿಷ್ ಭಾಷೆ ಸಾಲುತ್ತಿರಲಿಲ್ಲ.

ತೊಂದರೆ ಶುರುವಾಗುವುದು ಸುರುಳಿ ಬಿಚ್ಚಿದಾಗ. ಪೈರೋ ಸುರುಳಿಯಾಗಿ ಬರುತ್ತದೆ, ಸುರುಳಿಯಾಗೇ ಇರಲು ಬಯಸುತ್ತದೆ. ಅದನ್ನು ನೆಟ್ಟಗೆ ಮಾಡುವುದು ಅಂದರೆ ನಾಯಿಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ. ಮರದ ತುಂಡು ಇಟ್ಟು ಮೆತ್ತಗೆ ತಟ್ಟಬೇಕು. ಜಾಸ್ತಿ ತಟ್ಟಿದರೆ, ಬಗ್ಗಿಸಿ ಬಿಚ್ಚಿ ಮತ್ತೆ ಬಗ್ಗಿಸಿದರೆ, ತಾಮ್ರ ಗಡುಸಾಗುತ್ತದೆ, ಕೊನೆಗೆ ಬಿರಿಯುತ್ತದೆ. ತಪ್ಪು ತಿದ್ದಲು ಹೋದಷ್ಟೂ ಹಠ ಮಾಡುತ್ತದೆ.

ನಮ್ಮ ಮೇಸ್ತ್ರಿ ಅರವತ್ತು ದಾಟಿದ ಇಂಗ್ಲಿಷಿನವನು. ನನಗೆ ತಲೆ ನರೆತಿದ್ದರೂ "ಸನ್" ಅಂತಲೇ ಕರೆಯುತ್ತಾನೆ. ಹಳೆ ಚರ್ಚುಗಳಲ್ಲಿ ಕಲ್ಲಿನ ಸಂದಿಯ ಗಾರೆಯ ಗೆರೆ ಹಿಡಿದು ಕೇಬಲ್ ಎಳೆಯುವುದು ಅವನ ಹೆಮ್ಮೆ. ತೆಳ್ಳಗಿನ ತಾಮ್ರ, ಕ್ರಮೇಣ ಬಣ್ಣ ಮಂಕಾಗಿ ಗೋಡೆಯೊಳಗೇ ಸೇರಿಕೊಳ್ಳುತ್ತದೆ. ಅಷ್ಟು ಎತ್ತರದಲ್ಲಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೆಳಗೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಕ್ಲಿಪ್ ಬಿಚ್ಚಿಸುತ್ತಾನೆ. ತಂಡದಲ್ಲಿ ದಾವಣಗೆರೆ ಕಡೆಯ ಹುಡುಗ ಒಬ್ಬನಿದ್ದಾನೆ. ಅವನು ಏಣಿ ಮೇಲಿನಿಂದಲೇ ಕೇಳಿದ, "ಇಲ್ಲಿಗೆ ಯಾರು ಬಂದು ನೋಡ್ತಾರೆ?"

"ನಾನು," ಅಂದ ಮೇಸ್ತ್ರಿ.

ಆದರೆ ಎಳೆಯುವುದೆಲ್ಲ ಸಣ್ಣ ಮಾತು. ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನು ಪೈರೋ ತುದಿ ಕಟ್ಟುವುದನ್ನು ನೋಡಬೇಕು. ಮೊದಲು ತಾಮ್ರದ ಸಿಪ್ಪೆ ಸುಲಿಯಬೇಕು. ಹಳಬರು ಸೈಡ್ ಕಟರ್‌ನಲ್ಲೇ ಸುತ್ತಿ ಸುತ್ತಿ ಎಳೆದು ಬಿಸಾಕುತ್ತಾರೆ, ಹುಡುಗರಿಗೆ ಅದಕ್ಕೊಂದು ಬೇರೆ ಸಾಮಾನು ಬೇಕು. ಪುಡಿ ಕೊಡವಿ, ಹಿತ್ತಾಳೆಯ ಪುಟ್ಟ ಬಟ್ಟಲನ್ನು ತುದಿಗೆ ತಿರುಗಿಸಿ ಕೂರಿಸಬೇಕು. ಇದಕ್ಕೆ ಪಾಟ್ ಅನ್ನುತ್ತಾರೆ. ಅದು ಓರೆಯಾಗಿ ಹತ್ತಿದರೆ ಮುಗಿಯಿತು, ಮತ್ತೆ ಕತ್ತರಿಸಬೇಕು. ಆಮೇಲೆ ಅದರೊಳಗೆ ಅಂಟಂಟು ಕಾಂಪೌಂಡ್ ತುಂಬಬೇಕು. ಗಾಳಿ ಸಿಕ್ಕಿಕೊಳ್ಳದಂತೆ ಒಂದೇ ಕಡೆಯಿಂದ ಒತ್ತುತ್ತಾ ಬರಬೇಕು. ಆ ಕಾಂಪೌಂಡ್ ಬೆರಳಿನಿಂದ ಫೋನಿಗೆ, ಫೋನಿನಿಂದ ಕಿವಿಗೆ, ಕಿವಿಯಿಂದ ಸ್ಯಾಂಡ್‌ವಿಚ್ಚಿಗೆ ಹೋಗುತ್ತದೆ. ಮೇಲೆ ಮುಚ್ಚಳ, ತಂತಿಗಳಿಗೆ ತೋಳು, ಕೊನೆಗೆ ಅಂಚು ಒತ್ತಿ ಭದ್ರ ಮಾಡುವ ಕ್ರಿಂಪ್. ಎಷ್ಟು ಅಚ್ಚುಕಟ್ಟಾಗಿ ಮುಗಿಯುತ್ತದೆ ಅಂದರೆ, ಮುಗಿಸಿದವನು ಒಂದು ಕ್ಷಣ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ.

ದಾವಣಗೆರೆ ಹುಡುಗನೂ ಹಾಗೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಮುಖ ಸಣ್ಣದಾಯಿತು. ಕೇಬಲ್ಲನ್ನು ಪೆಟ್ಟಿಗೆಗೆ ಬಿಗಿಹಿಡಿಯುವ ಗ್ಲ್ಯಾಂಡನ್ನು ಮೊದಲೇ ಕೇಬಲ್ಲಿಗೆ ತೂರಿಸಬೇಕಿತ್ತು. ಅದು ಅವನ ಜೇಬಿನಲ್ಲೇ ಇತ್ತು. ಪಾಟ್ ಕೂತ ಮೇಲೆ ಗ್ಲ್ಯಾಂಡ್ ಒಳಗೆ ಹೋಗುವುದಿಲ್ಲ. ಕಟ್ಟಿದ್ದನ್ನೆಲ್ಲ ಕತ್ತರಿಸಿ ಎಸೆದು ಮತ್ತೆ ಮೊದಲಿನಿಂದ. ಎರಡನೇ ಸಲ ಗ್ಲ್ಯಾಂಡ್ ನೆನಪಿತ್ತು, ಅದರ ಹಿಂದಿನ ಪ್ಲಾಸ್ಟಿಕ್ ಟೋಪಿ ಮರೆತುಹೋಯಿತು. ಮೂರನೇ ಸಲ ಎಲ್ಲಾ ನೆನಪಿತ್ತು. ಕೇಬಲ್ ಮಾತ್ರ ಪೆಟ್ಟಿಗೆಯವರೆಗೆ ಬರಲಿಲ್ಲ. ಮೇಸ್ತ್ರಿ ಬೈಯಲಿಲ್ಲ. ಪೈರೋ ಹಿಡಿದವರೆಲ್ಲ ಇದನ್ನು ಮಾಡಿದವರೇ ಅಂತ ಹೇಳಿ, ಎಂದೋ ತನ್ನ ಮೇಸ್ತ್ರಿ ತನ್ನನ್ನು ಬೈದ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದ.

ಈಗ ನನ್ನ ಸರದಿ. ಆ ಬಿಳಿ ಪುಡಿ ಬೆಂಕಿಗೆ ಹೆದರುವುದಿಲ್ಲ, ತೇವಕ್ಕೆ ಹೆದರುತ್ತದೆ. ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಸೋಮಾರಿಯಂತೆ ತುದಿ ತೆರೆದಿಟ್ಟು ಟೀಗೆ ಹೋದರೆ ಸಾಕು. ಅದನ್ನು ವರ್ಷವಿಡೀ ಮಳೆ ಜಿನುಗುವ ದೇಶದಲ್ಲಿ ಬಳಸುವ ಇವರ ಧೈರ್ಯ ಮೆಚ್ಚಬೇಕು, ಅಲ್ವಾ? ಸೋರಿಕೆ ಕಡಿಮೆಯಾದಷ್ಟೂ ಮೀಟರಿನ ಸಂಖ್ಯೆ ಮೇಲೇರುತ್ತದೆ. 500 ವೋಲ್ಟ್ ಕೊಟ್ಟು ನೋಡಿದರೆ ಒಳ್ಳೆಯ ತುದಿಗೆ ಅದು ತನ್ನ ಕೊನೆ ಮುಟ್ಟಬೇಕು. ಇಲ್ಲಿಯ ನಿಯಮಕ್ಕೆ ಒಂದು ಮೆಗಾಓಮ್ ಸಾಕು, ಆದರೆ ಹೊಸ ಪೈರೋ ಹತ್ತಿರ ಹತ್ತಿರ ಅಲ್ಲಿಗೆ ಇಳಿದಿದ್ದರೆ ಒಳಗೆ ನೀರು ಕುಡಿದಿದೆ ಅಂತಲೇ ಲೆಕ್ಕ. ನಾನು ಮೀಟರ್ ನೋಡುವಾಗ ಮೂರು ಜನ ನನ್ನ ಮುಖ ನೋಡುತ್ತಾರೆ. ನಾನು ಕೆಮ್ಮಿದರೂ ಹುಡುಗ ಗೋಡೆ ಹಿಡಿದುಕೊಳ್ಳುತ್ತಾನೆ.

ಅವತ್ತು ಸಂಖ್ಯೆ ಇಳಿದೇಬಿಟ್ಟಿತು. ತೇವ ಸಾಮಾನ್ಯವಾಗಿ ತುದಿಯಲ್ಲೇ ಇರುತ್ತದೆ, ಒಂದೆರಡು ಇಂಚು ಕತ್ತರಿಸಿದರೆ ಆಯಿತು. ಆದರೆ ಕತ್ತರಿಸಲು ಇಂಚೇ ಉಳಿದಿರಲಿಲ್ಲ. ಬ್ಲೋ ಟಾರ್ಚ್ ಬಂತು. ಹಿಂದಿನಿಂದ ಶುರುಮಾಡಿ ತುದಿಯ ಕಡೆಗೆ ಕಾಯಿಸುತ್ತಾ ತೇವವನ್ನು ಹೊರಗೆ ಓಡಿಸಬೇಕು. ಉಲ್ಟಾ ಮಾಡಿದರೆ ಅದು ಇನ್ನೂ ಒಳಗೆ ಓಡುತ್ತದೆ. ಚರ್ಚಿನ ಹೂವಿನ ಅಲಂಕಾರಕ್ಕೆ ಬಂದಿದ್ದ ಅಜ್ಜಿ, ಗೋಡೆ ಹತ್ತಿರ ಬೆಂಕಿ ಹಿಡಿದವರನ್ನು ನೋಡಿ ಗಾಬರಿಯಾದರು. "ಏನು ಹಾಕ್ತಿದ್ದೀರಿ?" "ಫೈರ್ ಅಲಾರಂ ಮೇಡಂ," ಅಂದ ಹುಡುಗ.

ಮುಂದಿನ ಕೆಲಸವೂ ಒಂದು ಹಳೆ ಚರ್ಚಿನದೇ. ಅವರ ಕಡೆಯವರು ರೇಟು ನೋಡಿ, ಈಗ ಸಿಗುವ ಮೆತ್ತನೆ ಫೈರ್ ಕೇಬಲ್ ಹಾಕಿದರಾಗದೇ ಅಂದರು. ನ್ಯಾಯವಾದ ಮಾತು. ಚಾಕುವಿನಲ್ಲಿ ಸುಲಿದು ಸಿಕ್ಕಿಸಿದರೆ ಆಯಿತು. ಇವತ್ತು ಹೆಚ್ಚಿನ ಕಡೆ ಅದೇ ಓಡುತ್ತಿರುವುದು. ಹುಡುಗ ಕುಣಿದಾಡುತ್ತಾನೆ ಅಂದುಕೊಂಡೆ. ಅವನು ಎದ್ದು ನಿಂತು, "ಆ ಕಲ್ಲಿನ ಮೇಲೆ ಅದು ಚೆನ್ನಾಗಿ ಕಾಣಲ್ಲ, ಪೈರೋನೇ ಆಗಬೇಕು" ಅಂದುಬಿಟ್ಟ. ಮೇಸ್ತ್ರಿ ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಗಂಭೀರ ಮುಖವನ್ನು ಪಕ್ಕಕ್ಕಿಟ್ಟು ನಕ್ಕ. ಆಮೇಲೆ ಕೇಳಿದ, "ಸರಿ, ತುದಿ ಕಟ್ಟೋರು ಯಾರು?"

ಎಲ್ಲರಿಗೂ ಒಟ್ಟಿಗೇ ಫೋನಿನಲ್ಲಿ ಮೆಸೇಜ್ ಬಂತು. ಹುಡುಗ ನನ್ನ ಪಕ್ಕ ಸರಿದು ಕನ್ನಡದಲ್ಲಿ ಪಿಸುಗುಟ್ಟಿದ, "ಅಣ್ಣಾ, ನಾನೇ ಕಟ್ತೀನಿ. ಆದ್ರೆ ನೀವು ಬಿಸಿಲು ಬಿದ್ದ ದಿನ ನೋಡ್ಕೊಂಡು ಮೆಗ್ಗರ್ ತಗೊಂಡ್ ಬರ್ರಿ."