ಮೂರು ಪಟ್ಟಿ ಕೆಳಗಿಳಿದ ಕುಮಾರ ಗಂಧರ್ವರು

ಅಪ್ಪ ಹಾರ್ಮೋನಿಯಂ ಪೆಟ್ಟಿಗೆ ತೆರೆದು, ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯ ಒಂದೇ ಬೆರಳಿನಿಂದ ಷಡ್ಜ ಹುಡುಕತೊಡಗಿದರು. ತಿರುಗುತ್ತಿದ್ದುದು ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಎಲ್‌ಪಿ. ತಿರುಗಿಸುತ್ತಿದ್ದುದು ನಾನು ಒಸಾಕಾದಿಂದ ಹೊತ್ತು ತಂದ ರೆಕಾರ್ಡ್ ಪ್ಲೇಯರ್. ಬೆರಳು ಒಂದೊಂದೇ ಪಟ್ಟಿ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. "ಮೂರು ಪಟ್ಟಿ ಕೆಳಗೆ ಹಾಡುತ್ತಿದ್ದಾರೆ. ನಮ್ಮ ಸುಳೇಭಾವಿಯ ಹುಡುಗನಿಗೆ ನಿನ್ನ ಜಪಾನು ನಿದ್ದೆಗುಳಿಗೆ ಕೊಟ್ಟಿದೆಯೇನು?" ಎಂದರು. ಅವ್ವ ಅಡುಗೆಮನೆಯಿಂದಲೇ ನಕ್ಕಳು. ಹನ್ನೊಂದು ವರ್ಷ ಹೊರದೇಶದಲ್ಲಿದ್ದು ದೀಪಾವಳಿಗೆ ಬೆಳಗಾವಿಯ ಶಹಾಪುರದ ಮನೆಗೆ ಬಂದ ಮಗನಿಗೆ ಇದು ಚುಚ್ಚದೆ ಇರುತ್ತದೆಯೇ?

ಅಪ್ಪನ ಕಿವಿ ಹೇಳಿದ್ದು ಲೆಕ್ಕಕ್ಕೂ ಸರಿಹೊಂದುತ್ತದೆ. ಒಸಾಕಾದ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತನ; ನಮ್ಮದು 50. ಹಳೆಯ ಬೆಲ್ಟ್ ಪ್ಲೇಯರುಗಳ ಸಿಂಕ್ರೊನಸ್ ಮೋಟಾರು ವೋಲ್ಟೇಜಿನ ಮಾತು ಕೇಳಿ ವೇಗ ಬದಲಿಸುವುದಿಲ್ಲ, ಆವರ್ತನ ಹೇಳಿದಂತೆ ತಿರುಗುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 28ನ್ನೂ ಮುಟ್ಟಲಿಲ್ಲ. 20 ನಿಮಿಷದ ಬದಿ 24 ನಿಮಿಷ ಎಳೆಯಿತು, ವಿಳಂಬಿತ ಅತಿವಿಳಂಬಿತವಾಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದೆವಲ್ಲ ಎಂದು ತಮ್ಮ ವಾದಿಸಿದ. ಅದು ಇಳಿಸುವುದು ವೋಲ್ಟೇಜನ್ನು ಮಾತ್ರ. 50 ಒಳಗೆ ಹೋದರೆ ಹೊರಗೆ ಬರುವುದೂ 50.

ಆ ಟ್ರಾನ್ಸ್‌ಫಾರ್ಮರಿನ ಕಥೆಯನ್ನೂ ಹೇಳಬೇಕು. ನಾನು ಬರುವ ಮೊದಲೇ ತಮ್ಮ ಅದನ್ನು ಊರಲ್ಲಿ ಕೊಂಡಿದ್ದ. ಯಾವ ಅಂಗಡಿ ಎಂದು ಹೇಳುವುದಿಲ್ಲ. ನನ್ನ ಆಂಪ್ಲಿಫೈಯರಿನ ಬೆನ್ನಿಗೆ 100 ವೋಲ್ಟ್ ಎಂದು ಬರೆದಿದೆ. ಅಂಗಡಿಯವರು ಕೊಟ್ಟದ್ದು 230ನ್ನು 110ಕ್ಕೆ ಇಳಿಸುವಂಥದ್ದು. "ಅಮೆರಿಕದ್ದಾದರೇನು, ಜಪಾನಿನದಾದರೇನು, ಎಲ್ಲ ಫಾರಿನ್ ಸಾಮಾನಿಗೂ ಇದೇ ನಡೆಯುತ್ತದೆ" ಎಂದರಂತೆ. ರಾತ್ರಿ ಹತ್ತರ ಮೇಲೆ ಓಣಿಯ ಜನ ಟಿವಿ ಆರಿಸಿ ಮಲಗಿದಾಗ ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಮೀಟರು 250 ತೋರಿಸಿತು. ಅಂದರೆ ಪಾಪದ ಆಂಪ್ಲಿಫೈಯರಿಗೆ ಹತ್ತಿರ ಹತ್ತಿರ 120. ಎರಡನೆಯ ರಾತ್ರಿ ಅದರ ಫ್ಯೂಸ್ ಹೋಯಿತು. ಹೋಗಲೆಂದೇ ಇರುವ ಫ್ಯೂಸ್, ತನ್ನ ಕೆಲಸ ಮಾಡಿತು. ಮರುದಿನ ನಾನು ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ತಮ್ಮನ ಗೆಳೆಯನೊಬ್ಬ ಅದಕ್ಕೆ ತಾಮ್ರದ ಎಳೆ ಸುತ್ತಿ ಕೂರಿಸಿದ್ದ. "ಅಣ್ಣಾ, ಇನ್ನು ಎಂದೂ ಹೋಗುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿದ.

ಈ "ನಡೆಯುತ್ತದೆ ಬಿಡಿ" ಎಂಬ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಹನ್ನೊಂದು ವರ್ಷದ ಹಿಂದೆ ನಾನೂ ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದೆ. ಸ್ಟೆಬಿಲೈಜರು ಫ್ರಿಜ್ಜಿಗೆ ಬೇಕು, ಫ್ರಿಜ್ಜಿನೊಳಗಿನ ಕುಂದಾ ಕೆಟ್ಟೀತು, ಅಷ್ಟು ಗೊತ್ತು. ಉಳಿದದ್ದೆಲ್ಲ ನಡೆಯುತ್ತದೆ. ಎರಡು ಕಡ್ಡಿಯ ಪ್ಲಗ್ಗು ಮೂರು ತೂತಿನ ಸಾಕೆಟ್ಟಿಗೆ ಹೋಗದಿದ್ದರೆ ಬೆಂಕಿಕಡ್ಡಿ ಸಿಕ್ಕಿಸುತ್ತೇವೆ.

ಒಸಾಕಾದ ನಿಪ್ಪೊನ್‌ಬಾಶಿಯಲ್ಲಿ ಈ ಪ್ಲೇಯರು ಕೊಂಡ ದಿನ ನೆನಪಾಗುತ್ತದೆ. ಹಳೆಯ ಆಡಿಯೊ ಸಾಮಾನಿನ ಚಿಕ್ಕ ಅಂಗಡಿ. ಮುದುಕರು ದುಡ್ಡು ಎಣಿಸುವ ಮೊದಲು ಯಂತ್ರವನ್ನು ಕೂಸಿನಂತೆ ಮಗುಚಿ ಹಿಡಿದು ಕೆಳಗಿನ ಫಲಕ ತೋರಿಸಿದರು: 100 ವೋಲ್ಟ್, 60 ಹರ್ಟ್ಸ್. "ಮುಂದೆ ಪೂರ್ವಕ್ಕೆ ಮನೆ ಬದಲಿಸುವ ಯೋಚನೆ ಇದೆಯೇ?" ಎಂದು ಕೇಳಿದರು. ಅಲ್ಲಿ ಅದು ಬೀಗರ ಉಪಚಾರದ ಪ್ರಶ್ನೆಯಲ್ಲ. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ 50 ಹರ್ಟ್ಸ್‌ನ ಜನರೇಟರ್ ತಂದರು, ಒಸಾಕಾದವರು ಅಮೆರಿಕದಿಂದ 60ರದ್ದು ತಂದರು. ಅಂದಿನಿಂದ ಆ ದೇಶದ ಕರೆಂಟು ಫುಜಿ ನದಿಯ ಆಸುಪಾಸಿನಲ್ಲಿ ಎರಡು ಹೋಳು. ಹಾಗಾಗಿ ಪ್ಲೇಯರು ಮಾಡುತ್ತಿದ್ದವರು ಎಷ್ಟೋ ಬಾರಿ ಪೆಟ್ಟಿಗೆಯಲ್ಲಿ, ಮೋಟಾರಿನ ತುದಿಗೆ ಕೂರಿಸಿ ಬೆಲ್ಟ್ ತಿರುಗಿಸುವ ಪುಲ್ಲಿಗಳನ್ನು ಎರಡು ಇಡುತ್ತಿದ್ದರು, 50ಕ್ಕೊಂದು, 60ಕ್ಕೊಂದು. ಇದರೊಂದಿಗಿದ್ದ 50ರ ಪುಲ್ಲಿ ಯಾರ ಕೈಯಲ್ಲೋ ಕಳೆದುಹೋಗಿದೆ ಎಂದು ಮುದುಕರು ತಾವೇ ಕಳೆದವರಂತೆ ತಲೆಬಾಗಿದರು. ಬೆಳಗಾವಿಯಲ್ಲಿ ಯಾವ ಅಂಗಡಿಯವರು, ಎಂದು, ಮಾರುವ ಮೊದಲು ಸಾಮಾನಿನ ಕೊರತೆಯನ್ನು ಹೇಳಿ ತಲೆಬಾಗಿದ್ದಾರೆ?

ಹೀಗೆ ಬರೆದು ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಅನುಕೂಲವಿತ್ತು. ಅಪ್ಪ ಇದನ್ನು ಓದುತ್ತಾರೆ. ಆದ್ದರಿಂದ ಉಳಿದದ್ದನ್ನೂ ಹೇಳಬೇಕು.

ಪುಲ್ಲಿಗಾಗಿ ಬೆಳಗಾವಿಯಿಂದಲೇ ಆ ಅಂಗಡಿಗೆ ಫೋನು ಮಾಡಿದೆ. ಕಂಪನಿ ಅದನ್ನು ಮಾಡುವುದು ಯಾವಾಗಲೋ ನಿಲ್ಲಿಸಿದೆಯಂತೆ. ಮುದುಕರು ಮೂರು ಸಲ ಕ್ಷಮೆ ಕೇಳಿದರು, ಸಿಕ್ಕರೆ ತಿಳಿಸುತ್ತೇವೆಂದು ಹೆಸರು ಬರೆದುಕೊಂಡರು. ಯಾರಿಂದಲಾದರೂ ಮಾಡಿಸಬಹುದೇ ಎಂದೆ. ಆಚೆ ಕಡೆ ಬಹಳ ಹೊತ್ತು ಮೌನ. ಕಂಪನಿಯದಲ್ಲದ ಪುಲ್ಲಿಯನ್ನು ಅವರು ಹೇಗೆ ಒಪ್ಪಿಯಾರು!

ತಮ್ಮನೇ ನನ್ನನ್ನು ಉದ್ಯಮಬಾಗಕ್ಕೆ ಕರೆದೊಯ್ದ. ಫೌಂಡ್ರಿಗಳ ಸಾಲಿನ ಹಿಂದೆ ಒಂದೇ ಲೇತ್ ಇರುವ ಶೆಡ್ಡು. ಮೂಲ ಪುಲ್ಲಿಯ ವ್ಯಾಸ 10 ಮಿಲಿಮೀಟರ್. ಮೋಟಾರು ಆರಕ್ಕೆ ಐದರಂತೆ ನಿಧಾನವಾದರೆ ಪುಲ್ಲಿ ಐದಕ್ಕೆ ಆರರಂತೆ ದಪ್ಪವಾಗಬೇಕು ಎಂದು ನಾನು ಕಾಗದದ ಮೇಲೆ 12 ಎಂದು ಬರೆದುಕೊಟ್ಟೆ. ಅವರು ಹಿತ್ತಾಳೆ ಸರಳಿನಿಂದ ಅಷ್ಟನ್ನೇ ಕಡೆದುಕೊಟ್ಟರು. 180 ಗೆರೆಗಳ ಸ್ಟ್ರೋಬ್ ಚಕ್ರವೊಂದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಿದ್ದೆ. ತಟ್ಟೆಯ ವೇಗ ಸರಿಯಿದ್ದರೆ 50 ಹರ್ಟ್ಸ್‌ನ ಬೆಳಕಿನಲ್ಲಿ ಗೆರೆಗಳು ಅಲುಗಾಡದೆ ನಿಂತಂತೆ ಕಾಣುತ್ತವೆ. ಮನೆಯ ಎಲ್‌ಇಡಿ ಬಲ್ಬುಗಳಲ್ಲಿ ಅದು ಸರಿಯಾಗಿ ಕಂಡಿರಲಿಲ್ಲ. ಆ ಶೆಡ್ಡಿನಲ್ಲಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಇನ್ನೂ ಉರಿಯುತ್ತಿತ್ತು. ಅದರ ಕೆಳಗೆ ಗೆರೆಗಳು ಇರುವೆ ಸಾಲಿನಂತೆ ಮೆಲ್ಲಗೆ ಹಿಂದಕ್ಕೆ ಸರಿದವು. ಇನ್ನೂ ಚೂರು ನಿಧಾನ.

ನಾನು ಮೋಟಾರನ್ನು ಬೈಯುತ್ತಿದ್ದೆ. ಲೇತಿನವರು ರಬ್ಬರ್ ಬೆಲ್ಟನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ, "ಸಾಹೇಬರೇ, ಇದರ ದಪ್ಪವನ್ನು ಲೆಕ್ಕದಲ್ಲಿ ಬಿಟ್ಟಿದ್ದೀರಿ" ಎಂದರು. ಗಿರಣಿಗಳ ಬೆಲ್ಟಿಗೆ ಪುಲ್ಲಿ ಕಡೆದು ಕಡೆದು ಪಳಗಿದ ಕೈ ಅದು. ಬೆಲ್ಟಿನ 0.6 ಮಿಲಿಮೀಟರ್ ಸೇರಿಸಿ ನೋಡಿದರೆ ಬೇಕಾದ ವ್ಯಾಸ 12.12. ಕಡಿಮೆಯಾದದ್ದನ್ನು ಹೆಚ್ಚಿಸಲು ಬರುವುದಿಲ್ಲವಲ್ಲ, ಮೊದಲನೆಯದನ್ನು ಬದಿಗೆಸೆದು ಹೊಸದು ಕಡೆದರು. ಗೆರೆಗಳು ನಿಂತವು. ಮುನ್ನೂರು ರೂಪಾಯಿ ತೆಗೆದುಕೊಂಡು ಚಹಾ ತಾವೇ ಕುಡಿಸಿದರು. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಯೊಂದರಲ್ಲಿ ಸರಿಯಾಗಿ 100 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನೂ ಸುತ್ತಿಸಿಕೊಂಡೆವು. "ಎರಡು ಸುರುಳಿ ಬೇರೆ ಬೇರೆ ಇರಲಿ, ಸೋವಿಯ ಆಟೋ ಟ್ರಾನ್ಸ್‌ಫಾರ್ಮರ್ ಬೇಡ, ಅದರಲ್ಲಿ ಒಂದು ತಂತಿ ಕಡಿದರೆ 230 ಪೂರ್ತಿ ಒಳಗೆ ನುಗ್ಗುತ್ತದೆ" ಎಂದು ಅವರೇ ಎಚ್ಚರಿಸಿದರು.

ದೇಶದ ಲೆಕ್ಕಕ್ಕೆ ಬಂದರೂ ನನ್ನ ಬಾಯಿ ಕಟ್ಟುತ್ತದೆ. 2011ರ ಭೂಕಂಪದ ನಂತರ ಟೋಕಿಯೊ ಕಡೆ ಕರೆಂಟಿಗೆ ಪರದಾಟ. ಪಶ್ಚಿಮದಿಂದ ಕಳಿಸೋಣವೆಂದರೆ 60ನ್ನು 50 ಮಾಡುವ ಕೇಂದ್ರಗಳ ತಾಕತ್ತು ಎಲ್ಲ ಸೇರಿ ಸುಮಾರು ಒಂದು ಗಿಗಾವ್ಯಾಟ್ ಅಷ್ಟೇ. ಇಲ್ಲಿ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿ ದಕ್ಷಿಣವನ್ನು ಉಳಿದ ದೇಶದ ಜಾಲಕ್ಕೆ ಜೋಡಿಸಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ತಾಳ.

ಇನ್ನು ಒಂದನ್ನು ಮುಚ್ಚಿಟ್ಟಿದ್ದೆ. ಪೂರ್ವಕ್ಕೆ ಹೋಗುತ್ತೀರಾ ಎಂದು ಆ ಮುದುಕರು ಕೇಳಿದಾಗ, ಜಾಣನಂತೆ "ಇಲ್ಲ, ಹೋದರೆ ಇನ್ನೂ ಪಶ್ಚಿಮಕ್ಕೆ" ಎಂದಿದ್ದೆ. ಅವರು ಜಪಾನಿನ ಪಶ್ಚಿಮದ ಕ್ಯೂಶೂ ದ್ವೀಪ ಎಂದುಕೊಂಡು ನೆಮ್ಮದಿಯಿಂದ ಪ್ಯಾಕ್ ಮಾಡಿದರು. ಫಲಕ ನನ್ನ ಕಣ್ಣೆದುರಿಗೇ ಇತ್ತು. ನಡೆಯುತ್ತದೆ ಬಿಡು ಎಂದು ನಾನೂ ಅಂದುಕೊಂಡಿರಬೇಕು.

ಹೊರಡುವ ಹಿಂದಿನ ದಿನ ಫ್ಯೂಸಿನ ತಾಮ್ರದ ಎಳೆ ಕಿತ್ತು ಹೊಸ ಫ್ಯೂಸ್ ಹಾಕಿದೆ. ಪ್ಲಗ್ಗಿನ ಪಕ್ಕದ ಗೋಡೆಗೆ ದಪ್ಪಕ್ಷರದ ಚೀಟಿ ಅಂಟಿಸಿದೆ: "100 ವೋಲ್ಟ್ ಮಾತ್ರ. ನೇರ ಚುಚ್ಚಬಾರದು." ಕಳೆದ ಭಾನುವಾರ ವಿಡಿಯೊ ಕರೆಯಲ್ಲಿ ಅಪ್ಪ ಎಲ್‌ಪಿ ಹಾಕಿ ಕೇಳಿಸಿದರು, ಷಡ್ಜ ತನ್ನ ಪಟ್ಟಿಯಲ್ಲೇ ಇತ್ತು. ಹಿಂದೆ ಗೋಡೆಯ ಮೇಲೆ ಚೀಟಿಯೂ ಕಂಡಿತು. ಅದರಲ್ಲಿ ಉಳಿದ ಬಿಳಿ ಜಾಗದಲ್ಲಿ ಅವ್ವ ಹಾಲಿನ ಲೆಕ್ಕ ಬರೆದಿದ್ದಾಳೆ.